ಕಾಕ ತನ್ನದೆಂದು ಒಪ್ಪಿಕೊಂಡ ಕಸ

ಕಾಕನ ಬಲಗಾಲಿನ ಚಪ್ಪಲಿ ಹಿಮ್ಮಡಿಯ ಹತ್ತಿರ ಯಾವಾಗಲೂ ಸವೆದಿರುತ್ತಿತ್ತು. ಖಾಲಿ ನೀರಿನ ಬಾಟಲಿ ಕಂಡರೆ ಮೆಟ್ಟಿ ಚಪ್ಪಟೆ ಮಾಡಿ, ಗುಜರಿಯವನಿಗೆಂದು ಚೀಲಕ್ಕೆ ತುಂಬುತ್ತಿದ್ದರು. ಉಳ್ಳಾಲದ ಕಡೆಯ ಬ್ಯಾರಿ. ಗಲ್ಫಿನ ಸಾಲ್ಮಿಯಾದಲ್ಲಿ ಸಮುದ್ರಕ್ಕೆ ಹತ್ತಿರ ಅವರ ಸಣ್ಣ ಕಿರಾಣಿ ಅಂಗಡಿ. ವಿಜಯಪುರದ ನನಗೂ ಅವರಿಗೂ ದಿನಾ ಸಂಜೆ ಚಹಾ, ಜಗಳ.

ನಮ್ಮ ಕನ್ನಡ ಸಂಘದ ಒಬ್ಬ ಹುಡುಗಿಯ ವೀಡಿಯೋಗಳನ್ನು ಲಕ್ಷಾಂತರ ಜನ ನೋಡುತ್ತಾರೆ. ಅವಳು ಕಡಲತೀರದ ಕಸ ಹೆಕ್ಕುವ ವೀಡಿಯೋ ಎಷ್ಟು ಜನ ನೋಡುತ್ತಾರೋ ಅಷ್ಟು ಹಣವನ್ನು ಒಂದು ಜ್ಯೂಸ್ ಕಂಪನಿ ಆಮೆಗಳ ರಕ್ಷಣೆಗೆ ಕೊಡುತ್ತದಂತೆ.

"ಅವಳಿಗೆ ಸಮುದ್ರ ಎಂತಕ್ಕೆ ಮಾರಾಯ್ರೆ? ಹಿಂದೆ ನೀರಿದ್ರೆ ಮುಖ ಚಂದ ಕಾಣ್ತದೆ, ಅಷ್ಟೇ," ಎಂದರು ಕಾಕ.

"ನಿಮಗ ಎಲ್ಲಾದ್ರಾಗೂ ಸಂಶಯ ನೋಡ್ರಿ ಕಾಕಾ," ಎಂದೆ. ಆ ವೀಡಿಯೋದಲ್ಲಿ ನನಗೂ ಎರಡು ಮಾತಾಡುವ ಅವಕಾಶವಿತ್ತು. ಆಸೆ.

ಶುಕ್ರವಾರ ಬೆಳಿಗ್ಗೆ ಹೋದರೆ ತೀರದಲ್ಲಿ ಕಸವೇ ಇಲ್ಲ. ಗುತ್ತಿಗೆ ಕಂಪನಿಯ ಬಾಂಗ್ಲಾದೇಶದ ಕೆಲಸಗಾರ ಆಗಲೇ ಗುಡಿಸಿ ಮುಗಿಸಿದ್ದ.

"ಅಂಕಲ್, ಕಸ ಇಲ್ದೆ ಶೂಟ್ ಹೇಗ್ ಮಾಡ್ಲಿ? ಏನಾದ್ರೂ ಅರೇಂಜ್ ಮಾಡಿ, ಪ್ಲೀಸ್," ಎಂದಳು ಹುಡುಗಿ.

ಓಡಿದೆ. ರಿಸೈಕ್ಲಿಂಗಿಗೆ ಬೇಕು ಎಂದು ಕಾಕನಿಗೆ ಸುಳ್ಳು ಹೇಳಿ ಅವರ ಚೀಲ ತಂದು, ಮರಳ ಮೇಲೆ ಕೈಯಾರೆ ಸುರಿದೆ. ಕ್ಯಾಮೆರಾಕ್ಕೆ ಬೇಕಾದಷ್ಟು ಹೆಕ್ಕಿ ಅವಳು ಕಾರು ಹತ್ತಿದಳು. ಉಳಿದದ್ದು ಅಲ್ಲೇ ಬಿದ್ದಿತ್ತು.

ವೀಡಿಯೋ ಎಲ್ಲ ಕಡೆ ಹರಡಿತು. ತೀರ ಇಷ್ಟು ಗಲೀಜೇ ಎಂದು ಜನ ಉಗಿದರು. ಗುಡಿಸುವವನನ್ನು ಊರಿಗೆ ಕಳಿಸುವುದಾಗಿ ಅವನ ಮೇಸ್ತ್ರಿ ಹೇಳಿದ. ಬಾಟಲಿಗಳು ತಮ್ಮವೆಂದು ಕಾಕ ನೋಡಿದ ಕೂಡಲೇ ಗುರುತಿಸಿದ್ದರು.

"ಹೋಗಿ ಹೇಳಿ, ಸುರಿದದ್ದು ನೀವು ಅಂತ."

"ನಾಳೆ ಹೋಗ್ತೀನ್ರಿ."

ಅರವತ್ತು ದಾಟಿದ, ಪಿಯುಸಿ ಮಾತ್ರ ಓದಿದ ನನ್ನಂಥವರಿಗೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಸಿಗುವುದೇ ಕಷ್ಟ; ನನ್ನದರ ನವೀಕರಣ ಬಾಕಿಯಿತ್ತು. ಹೆದರಿದೆ. ಹುಡುಗಿಗೆ ಫೋನ್ ಮಾಡಿದರೆ, "ಒಳ್ಳೇ ಕೆಲಸಕ್ಕೆ ಮಾಡಿದ್ದಲ್ವಾ ಅಂಕಲ್, ನೆಗೆಟಿವ್ ಆಗ್ಬೇಡಿ," ಎಂದಳು. ಒಳ್ಳೇ ಕೆಲಸವಂತೆ! ಇವತ್ತಿಗೂ ಮೈ ಉರಿಯುತ್ತದೆ. ಆದರೆ ಆ ಚೀಲ ಹೊತ್ತದ್ದು ಅವಳಲ್ಲ.

ನಾನು ನಾಳೆ ನಾಳೆ ಎನ್ನುತ್ತಿರುವಾಗ ಕಾಕ ಅಂಗಡಿ ಮುಚ್ಚಿ ಮೇಸ್ತ್ರಿಯ ಬಳಿ ಹೋದರು. ಕಸ ತನ್ನದು, ಎಸೆದದ್ದೂ ತಾನೇ ಎಂದು ಹೇಳಿ ಬಂದರು. ಗುಡಿಸುವವನ ಕೆಲಸ ಉಳಿಯಿತು.

"ಖಲಾಸ್, ಬಿಡಿ ಸಾರ್," ಎಂದರು ನನಗೆ. ಅಲ್ಲಿಯವರೆಗೆ ಅವರು ನನ್ನನ್ನು ಎಂದೂ ಸಾರ್ ಅಂದವರಲ್ಲ.

ಕಳೆದ ಚಳಿಗಾಲದಲ್ಲಿ ಕಾಕ ಎದೆನೋವಿನಿಂದ ತೀರಿಕೊಂಡರು. ಇಲ್ಲಿಯೇ ದಫನ ಮಾಡಿದರು. ಮಣ್ಣು ಹಾಕಿ ಬಂದ ಆ ಗುಡಿಸುವವನು ನನ್ನ ಪಕ್ಕ ನಿಂತು, "ಒಳ್ಳೇ ಮನುಷ್ಯ. ಆದರೆ ಸಮುದ್ರದ ದಂಡೆಗೆ ಯಾಕೆ ಕಸ ಹಾಕಿದರೋ," ಎಂದು ಹಿಂದಿಯಲ್ಲಿ ಗೊಣಗಿದ.

"ಹಾಕಿದ್ದು ನಾನು," ಎಂದೆ.

"ಕಾಕನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ನನ್ನ ಮುಖ ನೋಡಲಿಲ್ಲ. ತಿರುಗಿ ಹೋಗಿ, ಗೋರಿಯ ಮೇಲೆ ಇನ್ನೊಂದು ಹಿಡಿ ಮಣ್ಣು ಹಾಕಿದ.