ಪಿನ್ನು ಕೊಯ್ದ ಪ್ಲಗ್ಗು

ಥೂ! ಆ ಗುಂಯ್ ನೆನಪಾದರೆ ಈಗಲೂ ತಲೆ ಚಿಟ್ಟೆನ್ನುತ್ತದೆ. ಶಹಾಬಾದಿನ ಒಂದು ಸಭಾಂಗಣದಲ್ಲಿ ವಾರಕ್ಕೊಮ್ಮೆ ಸೇರಿ ವಚನ ಹಾಡುವ ತಂಡ ನಮ್ಮದು. ನಾನು ಸೇಡಂನಿಂದ ಎಲೆಕ್ಟ್ರಿಕ್ ಗಿಟಾರ್ ಹೊತ್ತು, ವಾಡಿಯಲ್ಲಿ ರೈಲು ಬದಲಿಸಿ ಹೋಗುತ್ತಿದ್ದೆ. ಗಿಟಾರಿನ ದನಿ ಹಿಗ್ಗಿಸುವ ಭಾರದ ಡಬ್ಬಿ, ಆಂಪ್, ಮಾತ್ರ ಸಭಾಂಗಣದಲ್ಲೇ ಇಟ್ಟಿದ್ದೆ. ನಮ್ಮ ಹಿರಿಯ ಗಾಯಕಿಯ ಮೈಕನ್ನೂ ಅದಕ್ಕೇ ಜೋಡಿಸುತ್ತಿದ್ದೆವು. ಇದ್ದಕ್ಕಿದ್ದಂತೆ ಅದು ಗುಂಯ್ ಅನ್ನತೊಡಗಿ ಮೂರ್ನಾಲ್ಕು ವಾರವಾಗಿತ್ತು. ಹಾಡಿನ ನಡುವೆ ಉಸಿರಿಗೆ ನಿಂತರೆ ಸಾಕು, ಕೆಣಕಿದ ಜೇನುಗೂಡು.

"ಏನ್ರೀ ಇದು, ವಚನ ಕೇಳಬೇಕೋ ನಿಮ್ಮ ಡಬ್ಬಿ ಕೇಳಬೇಕೋ?" ಎಂದರು ಗಾಯಕಿ. "ಮುಂದಿನ ವಾರ ಇದು ನಿಂದ್ರಲಿಲ್ಲಂದ್ರ ಗಿಟಾರ್ ತರಬ್ಯಾಡ್ರಿ. ನಮಗ ಹಾರ್ಮೋನಿಯಂ ಸಾಕು."

ಆ ತಂಡದಲ್ಲಿ ನುಡಿಸುವುದು ಬಿಟ್ಟರೆ ನನಗೆ ಬೇರೆ ಸುಖವೇ ಇರಲಿಲ್ಲ. ಕೇಬಲ್ ಬದಲಿಸಿದೆ. ಗಿಟಾರ್ ಬಿಚ್ಚಿ ಒಳಹೊಕ್ಕ ನಮ್ಮೂರಿನ ಸಿಮೆಂಟ್ ಕಾರ್ಖಾನೆಯ ಧೂಳು ಊದಿದೆ, ಸಡಿಲ ವೈರಿಗೆ ಬೆಸುಗೆ ಹಾಕಿದೆ. ಮುಂದಿನ ವಾರ ಬೇಗ ಹೋಗಿ ಟ್ಯೂಬ್‌ಲೈಟ್ ಆರಿಸಿಯೂ ನೋಡಿದೆ. ಊಹೂಂ! ತಂತಿ ಮುಟ್ಟಿದರೆ ಬೆರಳು ಬೇರೆ ಜುಮ್ ಅನ್ನುತ್ತಿತ್ತು. ಕರೆಂಟು ಸೋರುತ್ತಿದೆ ಎಂದು ಆಂಪಿನ ಪ್ಲಗ್ ಕಿತ್ತರೆ, ಮೇಲಿನ ದಪ್ಪ ಪಿನ್ನೇ ಇಲ್ಲ! ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥಿಂಗ್ ಸಿಗುವುದೇ ಅದರಿಂದ.

"ನಾನೇ ಕೊಯ್ದೀನ್ರಿ," ಎಂದರು ಸಭಾಂಗಣ ನೋಡಿಕೊಳ್ಳುವ ಯಜಮಾನರು, ಹೆಮ್ಮೆಯಿಂದ. "ಸಾಕೆಟ್ಟಿನ ಮ್ಯಾಲಿನ ತೂತಿನಾಗ ಊದಿನಕಡ್ಡಿ ಮುರ್ಕೊಂಡು ಕುಂತಾವ. ಪಿನ್ ಹೋಗವಲ್ದು."

"ಅಲ್ಲಿ ಯಾಕ್ರೀ ಊದಿನಕಡ್ಡಿ?"

"ಮತ್ತೆಲ್ಲಿ ಸಿಗಸಬೇಕ್ರಿ? ಎಲ್ಲಾ ಫರ್ಸಿಕಲ್ಲಿನ ಗ್ವಾಡಿ. ಶರಣರ ಫೋಟೋದ ಕೆಳಗ ಅದೊಂದೇ ತೂತು."

ಕಡ್ಡಿ ಕೀಳುವುದು ಬಿಟ್ಟು ಪಿನ್ನು ಕೊಯ್ಯುವ ಜಾಣರಿಗೆ ಏನು ಹೇಳುವುದು, ಕರ್ಮ! ಮೇನ್ ಆಫ್ ಮಾಡಿ, ತೂತಿನಿಂದ ಜಿಡ್ಡು ಹತ್ತಿದ ಕಡ್ಡಿಚೂರು, ಬೂದಿ ಎಲ್ಲ ಕೆದಕಿ ತೆಗೆದೆ. ಅಂಗಡಿಯಿಂದ ಹೊಸ ಪ್ಲಗ್ ತಂದು ಹಾಕಿದೆ. ಸ್ವಿಚ್ ಒತ್ತಿದರೆ ಗುಂಯ್ ಮಾಯ.

ಅಷ್ಟರಲ್ಲಿ ತಂಡ ಬಂತು. ಆಗಷ್ಟೇ ಒರೆಸಿದ್ದ ಹಸಿ ನೆಲದ ಮೇಲೆ, ಎಂದಿನಂತೆ ಬರಿಗಾಲಲ್ಲಿ ನಿಂತು ಗಾಯಕಿ ಹಾಡಿದರು. ಶಾಭಾಸ್ ಅನ್ನುತ್ತಾರೆ ಎಂದು ನಾನು ಕಾದೆ. ಆಕೆ ಅರ್ಧಕ್ಕೇ ನಿಲ್ಲಿಸಿದರು.

"ಯಾಕೋ ಭಾವಾನೇ ಬರವಲ್ದು. ಇಷ್ಟು ವಾರ ಮೈಕಿಗೆ ತುಟಿ ತಾಕಿದ್ರ ಸಾಕು, ಜುಮ್ ಅಂತಿತ್ತು. ಶರಣರ ಕೃಪಾ ಅದು. ಇವತ್ತ ಏನೂ ಇಲ್ಲ."

"ಅಯ್ಯೋ ಅವ್ವಾರ, ಅದು ಶಾಕ್ ರೀ! ಜೀವಾನೇ ಹೋಗ್ತಿತ್ತು!"

"ಭಕ್ತಿಗಿ ಶಾಕ್ ಅಂತೀರೇನ್ರಿ?" ಆಕೆಯ ಮುಖ ಕೆಂಪಾಯಿತು. "ನಿಮ್ಮ ಗಿಟಾರ್ ಒಯ್ರಿ. ಡಬ್ಬಿ ಇಲ್ಲೇ ಬಿಡ್ರಿ. ಮೊದಲು ಹ್ಯಾಂಗಿತ್ತೋ ಹಂಗೇ ಮಾಡಸ್ತೀವಿ."

ಯಜಮಾನರು ಗರಗಸ ತರಲು ಎದ್ದೇಬಿಟ್ಟರು. ಛೀ, ಎಂಥ ಜನ! ಡಬ್ಬಿ ಬಿಟ್ಟುಹೋದರೆ ಆಕೆಯ ಹೆಣಕ್ಕೆ ನಾನೇ ಹೊಣೆ. ಬೆನ್ನಿಗೆ ಗಿಟಾರ್, ಕೈಯಲ್ಲಿ ಆಂಪ್ ಹಿಡಿದು ಮೆಟ್ಟಿಲಿಳಿದೆ. ಯಜಮಾನರು ಗರಗಸ ಹಿಡಿದು ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಅಂದರು: "ನೋಡ್ರಿ, ಶರಣರ ಕೃಪಾನೂ ಹೊತ್ಕೊಂಡು ಹೊಂಟಾರ!"