ಬದರಿನಾಥನ ಕಣಿವೆ

ಚೆನ್ನೈನ ಪ್ರತಿ ವಾರ್ಡಿಗೂ ಒಬ್ಬ ಕೌನ್ಸಿಲರ್ ಇದ್ದಾರೆ. ಪೋರೂರಿನ ಬದರಿನಾಥನಿಗೆ ತನ್ನ ವಾರ್ಡಿನ ಕೌನ್ಸಿಲರ್ ಯಾರೆಂದು ಗೊತ್ತಿಲ್ಲ. ಪೆರುಂಗುಡಿಯ ಆಫೀಸಿನಿಂದ ತಾನು ಪ್ರವಾಹದ ಎಚ್ಚರಿಕೆ ಕಳಿಸುವ ನಾರ್ವೆಯ ಒಂದು ಕಣಿವೆಯ ಪುರಸಭೆ ಮಾತ್ರ ಬಾಯಿಪಾಠ. ಅಲ್ಲಿನ ನದಿ ಎಲ್ಲಿ ತಿರುಗುತ್ತದೆ, ಎರಡು ಹಳೇ ಪಂಚಾಯಿತಿಗಳು ಯಾಕೆ ಒಂದಾದವು, ಮೇಯರಮ್ಮ ಎಷ್ಟು ಕುರಿ ಸಾಕಿದ್ದಾಳೆ, ಎಲ್ಲವನ್ನೂ ಇಡ್ಲಿ ತಿನ್ನುತ್ತಲೇ ಒಪ್ಪಿಸುತ್ತಾನೆ. "ಅಲ್ಲಿ ಚರಂಡಿ ತುಂಬಿದ್ರೆ ಮೇಯರನ್ನೇ ನಿಲ್ಲಿಸಿ ಕೇಳ್ತಾರಮ್ಮಾ" ಅನ್ನುತ್ತಾನೆ. "ಇಲ್ಲಿ ನೀನು ಯಾರನ್ನ ಕೇಳಿದ್ಯೋ ರಾಜಾ?" ಅನ್ನುತ್ತಾರೆ ತಾಯಿ ಗೋದಾಬಾಯಿ. ಮೊನ್ನೆಯ ಮಳೆಗೆ ಚರಂಡಿ ನೀರು ಮನೆಯೊಳಗೇ ನುಗ್ಗಿದಾಗ ಅವರು ಮಂಚದ ಮೇಲೆ ಕಾಲು ಮಡಚಿಕೊಂಡು ಕೂತಿದ್ದರು. ಮಗ ಪಕ್ಕದ ಕೋಣೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು, ಲ್ಯಾಪ್‌ಟಾಪ್ ಎತ್ತಿ ಹಿಡಿದು, ಕಣಿವೆಯ ಅಜ್ಜಿಯೊಬ್ಬಳನ್ನು ಎತ್ತರದ ಜಾಗಕ್ಕೆ ಸಾಗಿಸಲು ಅಲ್ಲಿನವರಿಗೆ ಹೇಳುತ್ತಿದ್ದ. ನಗಬೇಡಿ. ನಿಮ್ಮ ಕೌನ್ಸಿಲರ್ ಹೆಸರು ಹೇಳಿ.