ಪತ್ರಿಕಾಗೋಷ್ಠಿಗೆ ಮೊದಲು ಲಾಯಿಲಕ್ಕೆ

ಬೆಳಿಗ್ಗೆ ಏಳೂವರೆಗೆ ಬಿ.ಸಿ.ರೋಡಿನಲ್ಲಿ ಇಳಿದೆ. ಆಗಲೇ ಸೆಕೆ ಶುರುವಾಗಿತ್ತು. ಹೊಸ ಕಂಪನಿಗಳ ಪರವಾಗಿ ಪತ್ರಿಕೆಗಳಿಗೆ ಸುದ್ದಿ ಬರೆದುಕೊಡುವುದು ನನ್ನ ಕೆಲಸ. ಫರಂಗಿಪೇಟೆಯ ಆಫ್ರಿನಾ ಹಾಲು ಪರೀಕ್ಷಿಸುವ ಪುಟ್ಟ ಯಂತ್ರವೊಂದನ್ನು ತಯಾರಿಸಿದ್ದರು. ಮಧ್ಯಾಹ್ನ ಮೂರಕ್ಕೆ ಮೂಡುಬಿದಿರೆಯಲ್ಲಿ ಅದರ ಪತ್ರಿಕಾಗೋಷ್ಠಿ. ಅದಕ್ಕೆ ಮೊದಲು, ಯಂತ್ರ ಬಳಸಿ ನೋಡಿದ್ದ, ಬೆಳ್ತಂಗಡಿ ಪಕ್ಕದ ಲಾಯಿಲದ ಹಾಲಿನ ಸೊಸೈಟಿಗೆ ಹೋಗಲೇಬೇಕೆಂದು ನಾನು ಹಟ ಹಿಡಿದಿದ್ದೆ.

ಆಫ್ರಿನಾ ಅಲ್ಲೇ ಕಾಯುತ್ತಿದ್ದರು; ಬನ್ಸ್, ಚಹಾ ಮುಗಿಸಿ ಇಬ್ಬರೂ ಬಸ್ ಹತ್ತಿದೆವು. ಬೆಳ್ತಂಗಡಿಗೆ ಒಂದು ಗಂಟೆಗಿಂತ ಹೆಚ್ಚಿನ ದಾರಿ. ಪುಂಜಾಲಕಟ್ಟೆ ಬರುವಷ್ಟರಲ್ಲಿ ಆಫ್ರಿನಾ ನನ್ನ ಕರಡು ಓದಿ ಮುಗಿಸಿದರು.

"ಒಮ್ಮೆಯೂ ತಪ್ಪದ ಯಂತ್ರ ಅಂತ ಹಾಕುವ ಸರ್. ಹಣ ಹೂಡುವವರು ನೋಡ್ತಾರೆ."

ಸೇರಿಸಿದೆ.

ಸೊಸೈಟಿಯ ಕಾರ್ಯದರ್ಶಿ ಕರಡು ಓದುತ್ತಾ ಆ ಸಾಲಿಗೆ ಬಂದಾಗ ಕನ್ನಡಕ ತೆಗೆದರು. "ಒಂದು ಸಲ ತಪ್ಪಿದ್ದುಂಟಲ್ಲ. ಗಿರಿಜಕ್ಕನ ಹಾಲಿಗೆ ನೀರು ಬೆರೆಸಿದ್ದಾರೆ ಅಂತ ಹೆಸರು ಸಮೇತ ಪರದೆಯಲ್ಲಿ ತೋರಿಸಿತು. ಲ್ಯಾಬಿನಲ್ಲಿ ನೋಡಿದರೆ ಹಾಲು ಸರಿಯೇ ಇತ್ತು. ಅವರು ಮತ್ತೆ ಈ ಕಡೆ ಬರಲಿಲ್ಲ."

ಆಫ್ರಿನಾ ತಲೆ ತಗ್ಗಿಸಿದರು. "ನಿಮ್ಮ ಮೆಸೇಜ್ ನೋಡಿದ್ದೆ. ಮೆಷಿನ್ ಸರಿ ಮಾಡಿ ಕಳಿಸಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ."

ಗಿರಿಜಕ್ಕನ ಮನೆಗೆ ಒಂದು ಕಿಲೋಮೀಟರ್ ಬಿಸಿಲಲ್ಲಿ ನಡೆದೆವು. ಅವರು ದನದ ಹಟ್ಟಿ ತೊಳೆಯುತ್ತಿದ್ದರು. ಆಫ್ರಿನಾ ತಾನು ಯಾರೆಂದು ಹೇಳಿ ಕ್ಷಮೆ ಕೇಳಿದರು.

ಗಿರಿಜಕ್ಕ ಪೊರಕೆ ಕೆಳಗಿಡಲಿಲ್ಲ. "ಇಲ್ಲಿ ಬಂದು ಹೇಳಿದರೆ ಎಂತ ಪ್ರಯೋಜನ? ನನ್ನ ಮರ್ಯಾದೆ ಹೋದದ್ದು ಎಲ್ಲರ ಎದುರು."

ಆದರೂ ಕುಡಿಯಲು ಮಜ್ಜಿಗೆ ಕೊಟ್ಟರು.

ವೇಣೂರಿನ ಮಾರ್ಗವಾಗಿ ಮೂಡುಬಿದಿರೆಗೆ ಹೋಗುವಾಗ ಆಫ್ರಿನಾ ಆ ಸಾಲನ್ನು ಹೊಡೆದುಹಾಕಿ, ಯಂತ್ರ ತಪ್ಪಿದ್ದನ್ನು ಗೋಷ್ಠಿಯಲ್ಲೇ ಹೇಳುತ್ತೇನೆ ಎಂದರು. ನಾನು ವೃತ್ತಿಯ ಮಾತು ಹೇಳಿದೆ: "ನೀವಾಗಿ ಹೇಳಿದರೆ ನಾಳೆ ಅದೇ ಹೆಡ್ಡಿಂಗ್ ಆಗ್ತದೆ."

"ಆಗಲಿ ಸರ್."

ಪತ್ರಿಕಾಗೋಷ್ಠಿಗೆ ಐವರು ವರದಿಗಾರರು ಬಂದಿದ್ದರು. ಆಫ್ರಿನಾ ಮೊದಲು ಹೇಳಿದ್ದೇ ಅದನ್ನು: "ಲಾಯಿಲದ ಗಿರಿಜಕ್ಕನ ಹಾಲು ಶುದ್ಧವಾಗಿತ್ತು, ತಪ್ಪಿದ್ದು ನನ್ನ ಯಂತ್ರ." ಹಾಗಾದರೆ ಇದನ್ನು ಯಾಕೆ ಕೊಳ್ಳಬೇಕು ಎಂದು ಒಬ್ಬರು ಕೇಳಿದರು. "ಸಂಶಯ ಬಂದರೆ ಈಗ ಎರಡು ಸಲ ನೋಡ್ತದೆ. ಲ್ಯಾಬಿನ ಉತ್ತರ ಬರುವವರೆಗೆ ಯಾರ ಹೆಸರನ್ನೂ ತೋರಿಸುವುದಿಲ್ಲ," ಎಂದರು. ಇದರ ವಿಡಿಯೋವನ್ನು, ಗಿರಿಜಕ್ಕನಿಗೆ ತೋರಿಸಲೆಂದು, ನಾನೇ ಕಾರ್ಯದರ್ಶಿಗೆ ಕಳಿಸಿದೆ.

ಸಂಜೆ ಮರಳುವ ಬಸ್ಸಿನಲ್ಲಿ ಆಫ್ರಿನಾಗೆ ಎರಡು ಕರೆ ಬಂದವು. ಹಣ ಹೂಡಲಿದ್ದವರು ಸದ್ಯಕ್ಕೆ ಬೇಡವೆಂದರು. ಎರಡನೆಯದು ಕಾರ್ಯದರ್ಶಿಯದು. ಗಿರಿಜಕ್ಕ ನಾಳೆ ಹಾಲು ತರುತ್ತಾರಂತೆ. ಆದರೆ ಯಂತ್ರ ಮಾಡಿದವರೂ ಪಕ್ಕದಲ್ಲಿ ನಿಂತಿರಬೇಕಂತೆ.

ಆಫ್ರಿನಾ ಕಂಡಕ್ಟರನ್ನು ಕರೆದು ಕೇಳಿದರು: "ಬಿ.ಸಿ.ರೋಡಿನಿಂದ ಬೆಳ್ತಂಗಡಿಗೆ ಮೊದಲ ಬಸ್ ಎಷ್ಟು ಗಂಟೆಗೆ ಉಂಟು?"